ಭೂತಾನಿಗೆ ಹೊರಟ ಚಟ್ನಿಪುಡಿ

ಕಾರಿನಲ್ಲೇ ಭೂತಾನಿಗೆ ಹೋಗೋಣ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ, ಎರಡನೇ ಲೋಟ ಕಾಫಿಯ ಅಮಲಿನಲ್ಲಿ. ಬೆಂಗಳೂರಿನಿಂದ ಫುಂಟ್‌ಶೋಲಿಂಗ್ ಗಡಿಗೇ 2,500 ಕಿಲೋಮೀಟರಿಗೂ ಹೆಚ್ಚು. ನೆಲಮಂಗಲದ ಟೋಲ್ ದಾಟುವಷ್ಟರಲ್ಲೇ ಸೊಂಟ ಹಿಡಿದುಕೊಳ್ಳುವ ಗಂಡಸು ನಾನು ಎಂಬುದನ್ನು ಹೆಂಡತಿ ಸುಮ್ಮನೆ ಹಾಗೇ ನೆನಪಿಸಿದಳು.

ಮೊದಲ ವಿಘ್ನ ಗುರುತಿನ ಚೀಟಿಯದು. ಸಿಮ್ಮಿಗೂ ಗ್ಯಾಸಿಗೂ ಸಲ್ಲುವ ಆಧಾರ್ ಆ ಗಡಿಯಲ್ಲಿ ಸಲ್ಲದು. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು. ನನ್ನ ಪಾಸ್‌ಪೋರ್ಟ್ ಅವಧಿ ಮುಗಿಸಿ ಬೀರುವಿನಲ್ಲಿ ನಿವೃತ್ತ ಜೀವನ ನಡೆಸುತ್ತಿದೆ. ವೋಟರ್ ಕಾರ್ಡಿನ ಫೋಟೊದಲ್ಲೋ, ಸರ ಕದ್ದು ಈಗಷ್ಟೇ ಸಿಕ್ಕಿಬಿದ್ದವನ ಮುಖ. ಒಂದು ಕಿವಿಯೂ ಕಾಣೆ. ಇನ್ನೊಂದು ಕಿವಿ ನನ್ನದೇ ಎಂದು ಮಗಳು ದೃಢೀಕರಿಸಿದಳು.

ಭಾರತೀಯರು ಅಲ್ಲಿ ತಲೆಗೆ, ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ ಕಟ್ಟಬೇಕು. ರೂಮಿನ ಬಾಡಿಗೆ ಬೇರೆ. “ಬರೀ ರಾತ್ರಿ ಕಳೆಯೋದಕ್ಕಾ? ಹಾಗಾದ್ರೆ ಹಗಲೇ ನೋಡ್ಕೊಂಡು ಬಂದುಬಿಡಿ ಅಳಿಯಂದ್ರೇ” ಎಂದರು ಅತ್ತೆ. ಅಲ್ಲಿನವರು ಹಸಿಮೆಣಸಿನಕಾಯಿಯನ್ನು ತರಕಾರಿಯಂತೆ ಚೀಸಿನಲ್ಲಿ ಬೇಯಿಸಿ, ಎಮಾ ದಾತ್ಶಿ ಎಂದು ಅನ್ನದ ಜೊತೆ ಉಣ್ಣುತ್ತಾರೆ ಎಂದದ್ದೇ ತಡ, ಅತ್ತೆ ಎರಡು ಕಿಲೋ ಚಟ್ನಿಪುಡಿಗೆ ಕಡಲೆಬೇಳೆ ಹುರಿಯಲು ಕೂತರು.

ರಾಜಧಾನಿ ಥಿಂಪುವಿನಲ್ಲಿ ಟ್ರಾಫಿಕ್ ಸಿಗ್ನಲ್ಲೇ ಇಲ್ಲವಂತೆ. ಪೊಲೀಸಪ್ಪ ಪುಟ್ಟ ಮಂಟಪದಲ್ಲಿ ನಿಂತು ಕೈಸನ್ನೆ ಮಾಡುತ್ತಾನೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಪಳಗಿದ ನನಗೋ ಹಾರ್ನ್ ಒತ್ತದೆ ಕ್ಲಚ್ಚೇ ಬಿಡಲು ಬರುವುದಿಲ್ಲ.

ಸದ್ಯಕ್ಕೆ ಚಟ್ನಿಪುಡಿ ತಯಾರಾಗಿದೆ. ದಿನಾ ದೋಸೆಗೆ ನೆಂಚಿಕೊಳ್ಳುತ್ತಿದ್ದೇವೆ.