ಮೇಜಿನ ರೈಲು ಮೀಮಾಂಸೆ

ಗ್ರಂಥಪ್ರಯೋಜನ

ಯಂತ್ರಗಳು ಹುಟ್ಟಿದ್ದು ಮನುಷ್ಯನ ಕೆಲಸ ಹಗುರ ಮಾಡಲು ಎಂಬ ತಪ್ಪು ತಿಳಿವಳಿಕೆ ವಿದ್ವಾಂಸರಲ್ಲೂ ಬೇರೂರಿದೆ. ಅದನ್ನು ಖಂಡಿಸುವುದೇ ಈ ಕಿರುಗ್ರಂಥದ ಪ್ರಯೋಜನ. ಪುಟ್ಟ ರೈಲಿಂಜಿನ್ನಿಗೆ ಕಂಪ್ಯೂಟರು ಜೋಡಿಸುವವರ ಆಚಾರವಿಚಾರಗಳನ್ನು ಪರಿಶೀಲಿಸಿ ನಾವು ಕಂಡುಕೊಂಡ ಸಿದ್ಧಾಂತ ಇಷ್ಟು: ಸಲೀಸಾಗಿ ಓಡುವುದನ್ನು ಸಲೀಸಾಗಿ ಓಡದಂತೆ ಮಾಡುವುದೇ ಕಂಪ್ಯೂಟರಿನ ಪರಮ ಪುರುಷಾರ್ಥ.

ಅಧಿಕಾರಿಲಕ್ಷಣ

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನಲ್ಲಿ ಎರಡು ಪಂಥಗಳಿದ್ದವು. ಮೇಜಿನ ಮೇಲೆ ಗುಡ್ಡ, ಮರ, ಸ್ಟೇಷನ್ನು ಕಟ್ಟಿ ಬಣ್ಣ ಬಳಿಯುವವರದು ಭೂಲೋಕಪಂಥ. ಮೇಜಿನ ಅಡಿ ನುಸುಳಿ ಟೆಲಿಫೋನ್ ರಿಲೇಗಳಿಗೆ ವೈರು ಬೆಸೆಯುವ ‘ಸಿಗ್ನಲ್ಸ್ ಅಂಡ್ ಪವರ್’ ಉಪಸಮಿತಿಯವರದು ಪಾತಾಳಪಂಥ. 1961ರಲ್ಲಿ ಎಂಐಟಿಗೆ ಪಿಡಿಪಿ-1 ಕಂಪ್ಯೂಟರು ಬಂದಾಗ ಪಾತಾಳದವರು ಅದನ್ನೂ ಮುತ್ತಿಕೊಂಡರು. ಮುಂದೆ ಹ್ಯಾಕರ್ ಸಂಸ್ಕೃತಿ ಎನಿಸಿಕೊಂಡದ್ದರ ಒಂದು ತಾಯಿಬೇರು ಆ ಮೇಜಿನಡಿಯಲ್ಲೇ ಇದೆ. ಆದ್ದರಿಂದ ಅಧಿಕಾರಿಯ ಲಕ್ಷಣ: ರೈಲು ಓಡುವಾಗ ಅದನ್ನು ನೋಡದೆ, ಅದೇಕೆ ಓಡಿತು ಎಂದು ಚಿಂತಿಸುವವನು.

ಪ್ರಥಮ ಸೂತ್ರ: ಕೇಳುವವರೆಲ್ಲರೂ, ಓಡುವವನೊಬ್ಬ

ಭಾಷ್ಯ: ಹಿಂದೆ ಹಳಿಗೆ ಹರಿಸಿದ ವೋಲ್ಟೇಜು ಏರಿಸಿದರೆ ಅದರ ಮೇಲಿದ್ದ ಇಂಜಿನ್ನುಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ಈ ಸರಳತೆ ಪಂಡಿತರಿಗೆ ಸಹಿಸಲಾಗಲಿಲ್ಲ. ಜರ್ಮನಿಯ ಲೆನ್ಜ್ ಕಂಪನಿ ರೂಪಿಸಿದ ಪದ್ಧತಿಯ ಆಧಾರದ ಮೇಲೆ ಅಮೆರಿಕದ ಪುಟ್ಟರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಘವು 1990ರ ದಶಕದಲ್ಲಿ ಡಿಸಿಸಿ ಎಂಬ ಮಾನಕವನ್ನು ಹೊರತಂದಿತು. ಅದರಂತೆ ಕರೆಂಟೂ ಅಪ್ಪಣೆಯೂ ಒಂದೇ ಜೋಡಿ ಹಳಿಯಲ್ಲಿ ಹರಿಯುತ್ತವೆ. ಹಳಿಯ ಧನ-ಋಣಗಳು ಎಡೆಬಿಡದೆ ಅದಲುಬದಲಾಗುತ್ತವೆ: 58 ಮೈಕ್ರೊಸೆಕೆಂಡಿಗೆ ಬದಲಾದರೆ ‘1’, ಕನಿಷ್ಠ 100 ಮೈಕ್ರೊಸೆಕೆಂಡು ತಡೆದು ಬದಲಾದರೆ ‘0’. ಇಂಜಿನ್ನಿನ ಹೊಟ್ಟೆಯೊಳಗಿನ ಡಿಕೋಡರು ಶಾಲೆಯ ಹಾಜರಿ ಕೇಳುವ ಹುಡುಗನಂತೆ ಎಲ್ಲವನ್ನೂ ಕೇಳಿಸಿಕೊಂಡು, ತನ್ನ ನಂಬರಿಗೆ ಮಾತ್ರ ಏಳುತ್ತದೆ. ತೊಡಕು ಒಂದೇ. ಕಾರ್ಖಾನೆಯಿಂದ ಬರುವಾಗ ಇಂಜಿನ್ನುಗಳಿಗೆ ಸಾಮಾನ್ಯವಾಗಿ ಇಟ್ಟಿರುವ ನಂಬರು 3. ಹೊಸದಾಗಿ ಕೊಂಡ ಎರಡನ್ನು ಹಳಿಗಿಟ್ಟು ಮೂರನ್ನು ಕರೆದರೆ ಎರಡೂ ಹೊರಡುತ್ತವೆ, ಕೆಲವೊಮ್ಮೆ ಎದುರುಬದುರು.

ದ್ವಿತೀಯ ಸೂತ್ರ: ಅದುರಿದರೆ ಹೌದು, ಸುಮ್ಮನಿದ್ದರೆ ಅಲ್ಲ

ಭಾಷ್ಯ: ಡಿಕೋಡರಿನಲ್ಲಿ ಸಿವಿ ಎಂಬ ಖಾನೆಗಳಿವೆ. ಒಂದನೆಯದರಲ್ಲಿ ನಂಬರು, ಮೂರನೆಯದರಲ್ಲಿ ವೇಗ ಏರಬೇಕಾದ ನಿಧಾನ, ನಾಲ್ಕನೆಯದರಲ್ಲಿ ಇಳಿಯಬೇಕಾದ ನಿಧಾನ. ಖಾನೆಯಲ್ಲಿ ಏನಿದೆ ಎಂದು ಕೇಳೋಣವೆಂದರೆ ಇಂಜಿನ್ನಿಗೆ ಬಾಯಿಲ್ಲ. ನಾವೇ ಊಹಿಸಿ ಕೇಳಿದ್ದು ನಿಜವಾದರೆ ಅದು ಸುಮಾರು 6 ಮಿಲಿಸೆಕೆಂಡು, ಕನಿಷ್ಠ 60 ಮಿಲಿಆಂಪಿಯರ್‌ನಷ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಬಹುಪಾಲು ಮೋಟರನ್ನು ಅದುರಿಸಿಯೇ ಎಳೆಯುತ್ತದೆ. ಹಾಗಾಗಿ ಕಂಪ್ಯೂಟರು ಎಂಟು ಬಿಟ್ಟುಗಳನ್ನು ಒಂದೊಂದಾಗಿ ವಿಚಾರಿಸಿ, ಕೊನೆಗೆ ‘ಒಟ್ಟು ಇಷ್ಟು ತಾನೇ?’ ಎಂದು ಖಾತ್ರಿ ಮಾಡಿಕೊಳ್ಳುತ್ತದೆ. ಯಕ್ಷನಿಗಾದರೂ ಧರ್ಮರಾಯ ಬಾಯಿಬಿಟ್ಟು ಉತ್ತರ ಹೇಳಿದ್ದ.

ತೃತೀಯ ಸೂತ್ರ: ಭಾರವಿಲ್ಲದ್ದಕ್ಕೆ ಭಾರ ಕಲಿಸು

ಭಾಷ್ಯ: ಗ್ರಂಥದ ಹೃದಯ ಇದು. 1:87 ಅಳತೆಯ, ಎಚ್‌ಒ ಎಂದು ಕರೆಯುವ ಇಂಜಿನ್ನನ್ನು ಒಂದೇ ಕೈಯಲ್ಲಿ ಎತ್ತಬಹುದು. ಕರೆಂಟು ತಾಗಿದ ಕೂಡಲೇ ಅದು ಚಿಮ್ಮುತ್ತದೆ. ಇದನ್ನು ಕಂಡು ಸಾಧಕ ನಾಚುತ್ತಾನೆ. ಹಲವು ಟನ್ ತೂಗುವ ಅಸಲಿ ಇಂಜಿನ್ನು ಎಂದಾದರೂ ಹೀಗೆ ಚಿಮ್ಮುವುದುಂಟೇ? ಕೂಡಲೇ ಮೂರನೆಯ ಖಾನೆಯಲ್ಲಿ ಒಂದು ಸಂಖ್ಯೆ ಬರೆಯುತ್ತಾನೆ. ಮಾನಕದ ಪ್ರಕಾರ ಆ ಸಂಖ್ಯೆಯನ್ನು 0.896ರಿಂದ ಗುಣಿಸಿದರೆ, ನಿಂತಲ್ಲಿಂದ ಪೂರ್ಣವೇಗಕ್ಕೆ ಏರಲು ಹಿಡಿಯುವ ಸೆಕೆಂಡುಗಳು ಸಿಗುತ್ತವೆ. ಗರಿಷ್ಠ ಸಂಖ್ಯೆ 255 ಬರೆದರೆ 3 ನಿಮಿಷ 48 ಸೆಕೆಂಡು. ಅಷ್ಟರೊಳಗೆ ಮೇಜೇ ಮುಗಿದಿರುತ್ತದೆ. ಇನ್ನು, ಗಂಟೆಗೆ 87 ಕಿ.ಮೀ. ಓಡುವ ರೈಲನ್ನು ಅಣಕಿಸಲು ಪುಟ್ಟರೈಲು ಗಂಟೆಗೆ 1 ಕಿ.ಮೀ. ಸಾಗಿದರೆ ಸಾಕು. ಅಂಬೆಗಾಲಿಡುವ ಮಗುವೂ ಈ ಎಕ್ಸ್‌ಪ್ರೆಸ್ಸನ್ನು ಹಿಂದಿಕ್ಕಬಹುದು.

ದೂರ ಕುಗ್ಗಿದ ಮೇಲೆ ಕಾಲವೊಂದೇ ಏಕೆ ಹಾಗೆಯೇ ಉಳಿಯಬೇಕು? ಹ್ಯಾಂಬರ್ಗ್‌ನಲ್ಲಿ 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲ್ಯಾಂಡ್‌ನಲ್ಲಿ ಒಂದು ಹಗಲು, ಒಂದು ರಾತ್ರಿ ಸುಮಾರು 15 ನಿಮಿಷದಲ್ಲಿ ಮುಗಿಯುತ್ತವೆ. ಮನೆಯ ಸಾಧಕನಿಗೆ ‘ಫಾಸ್ಟ್ ಕ್ಲಾಕ್’ ಇದೆ: ನಾಲ್ಕು ಪಟ್ಟೋ ಆರು ಪಟ್ಟೋ ಜೋರಾಗಿ ಓಡುವ ಗಡಿಯಾರ; ವೇಳಾಪಟ್ಟಿ ಅದರಂತೆ. ರೈಲನ್ನು ನಿಧಾನಿಸಿ ಗಡಿಯಾರವನ್ನು ಓಡಿಸಿದರೆ ಏನಾಗುತ್ತದೆ? ರೈಲು ತಡವಾಗುತ್ತದೆ. ನೈಜತೆ ಸಿದ್ಧಿಸಿತು.

ಚತುರ್ಥ ಸೂತ್ರ: ಒಂದೆಂದರೆ ಪುನರ್ಜನ್ಮ, ಸೊನ್ನೆಯೆಂದರೆ ಮೋಕ್ಷ

ಭಾಷ್ಯ: ಜೆಎಂಆರ್‌ಐ ಎಂಬ ಮುಕ್ತ ತಂತ್ರಾಂಶದಲ್ಲಿ ಪೈಥಾನ್ ಶೈಲಿಯಲ್ಲಿ ರೈಲಿನ ಹಣೆಬರಹ ಬರೆಯಬಹುದು. ಮುಂದಕ್ಕೆ ಹೋಗು, ತುದಿಯ ಸೆನ್ಸರು ಎಚ್ಚರಾಗುವ ತನಕ ಕಾಯಿ, ನಿಲ್ಲು, ಹಿಂದಕ್ಕೆ ಬಾ. ಕೊನೆಯ ಸಾಲು 1 ಎಂದರೆ ಇಡೀ ಕರ್ಮ ಮೊದಲಿನಿಂದ ಮತ್ತೆ ಶುರು; 0 ಎಂದರೆ ಬಿಡುಗಡೆ. ಸೊನ್ನೆ ದಯಪಾಲಿಸಿದ ಸಾಧಕನನ್ನು ನಾವು ಕಂಡಿಲ್ಲ.

ಇದನ್ನು ಮಕ್ಕಳಾಟವೆಂದು ಹೀಗಳೆಯುವವರು ಗಮನಿಸಲಿ. ಇದೇ ತಂತ್ರಾಂಶದ ಡಿಕೋಡರ್ ಕಡತಗಳ ಬಳಕೆಯ ಕುರಿತ ಜೇಕಬ್ಸನ್-ಕಾಟ್ಜರ್ ವ್ಯಾಜ್ಯ ಅಮೆರಿಕದ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯದವರೆಗೆ ಹೋಯಿತು. ಬಿಟ್ಟಿಯಾಗಿ ಹಂಚಿದ ತಂತ್ರಾಂಶವಾದರೂ ಅದರ ಪರವಾನಗಿಯ ಷರತ್ತನ್ನು ಕೃತಿಸ್ವಾಮ್ಯದ ಬಲದಿಂದ ಜಾರಿಮಾಡಬಹುದೆಂದು 2008ರಲ್ಲಿ ತೀರ್ಪು ಬಂತು. ಲೋಕದ ಮುಕ್ತ ತಂತ್ರಾಂಶಗಳಿಗೆ ಹೀಗೊಂದು ಕಾನೂನಿನ ಊರುಗೋಲು ಸಿಕ್ಕಿದ್ದು ಆಟದ ರೈಲಿನಿಂದ.

ಪೂರ್ವಪಕ್ಷ ಮತ್ತು ಸಮಾಧಾನ

ನೆರೆಮನೆಯ ಆರು ವರ್ಷದ ಪೂರ್ವಪಕ್ಷಿಯ ಆಕ್ಷೇಪ: ‘ಮಾಮಾ, ಕೈಯಲ್ಲಿ ತಳ್ಳಿದ್ರೆ ಹೋಗಲ್ವಾ?’ ಸಮಾಧಾನ: ಹೋಗುತ್ತದೆ. ಆದರೆ ತಳ್ಳುವವನು ತಳ್ಳುವುದರಲ್ಲೇ ಮಗ್ನ. ಕಂಪ್ಯೂಟರು ಓಡಿಸಿದರೆ ರೈಲನ್ನು ಕಣ್ತುಂಬ ನೋಡಲು ಬಿಡುವು ಸಿಗುತ್ತದೆ. ‘ಮತ್ತೆ ನೀವ್ಯಾಕೆ ಸ್ಕ್ರೀನೇ ನೋಡ್ತಿದ್ದೀರಿ?’ ಎಂಬ ಎರಡನೆಯ ಆಕ್ಷೇಪ ಪ್ರಕರಣಕ್ಕೆ ಹೊರತಾದ್ದರಿಂದ ಕೈಬಿಡಲಾಗಿದೆ.

ಪ್ರಾಯಶ್ಚಿತ್ತ ಪ್ರಕರಣ

ಖಾನೆಗಳಲ್ಲಿ ಕಂಡಕಂಡದ್ದನ್ನು ಬರೆದು ಇಂಜಿನ್ನು ಮಾತು ಕೇಳದಾದಾಗ, ಎಂಟನೆಯ ಖಾನೆಯಲ್ಲಿ ಎಂಟು ಬರೆಯುವುದು ಹಲವು ಡಿಕೋಡರುಗಳಿಗೆ ಸರ್ವಪ್ರಾಯಶ್ಚಿತ್ತ. ಪೂರ್ವಕರ್ಮವೆಲ್ಲ ಅಳಿಸಿ ಇಂಜಿನ್ನು ಕಾರ್ಖಾನೆ ಬಿಟ್ಟ ದಿನದ ಸ್ಥಿತಿಗೆ ಮರಳುತ್ತದೆ, ಎಂದರೆ ಯಾವ ಅಡ್ಡಿಯೂ ಇಲ್ಲದೆ ಓಡತೊಡಗುತ್ತದೆ. ಆಗ ‘ಸದ್ಯ, ಸರಿಹೋಯಿತು’ ಎಂದು ಎದ್ದು ಹೋದವನಿಗೆ ಶಾಸ್ತ್ರ ದಕ್ಕಿಲ್ಲ. ಕುರ್ಚಿ ಎಳೆದುಕೊಂಡು ಮತ್ತೆ ಮೂರನೆಯ ಖಾನೆ ತೆರೆದವನಿಗಾಗಿ, ತಡವಾದ ರೈಲಿಗೆ ತಕ್ಕ ಪ್ರಕಟಣೆಯನ್ನು ಪ್ರೋಗ್ರಾಂ ಮಾಡುವ ವಿಧಿಯನ್ನು ಒಳಗೊಂಡ ಎರಡನೆಯ ಸಂಪುಟ ಬರಬೇಕಿದೆ. ಅದು ಅನಿರ್ದಿಷ್ಟ ಕಾಲ ತಡವಾಗಿ ಬರಲಿದೆ. ಓದುಗರಿಗೆ ಆಗುವ ಅನನುಕೂಲಕ್ಕೆ ವಿಷಾದಿಸುತ್ತೇವೆ.