ಎಳೆದರೂ ಬಾರದ ಕಡತ: ಟಚ್‌ಪ್ಯಾಡ್ ವಿನ್ಯಾಸಕರಿಗೆ ಬಾಶೆಟ್ಟಿಹಳ್ಳಿಯಿಂದ ಬಹಿರಂಗ ಪತ್ರ

ಇವರಿಗೆ,
ಲ್ಯಾಪ್‌ಟಾಪ್‌ಗಳ ಟಚ್‌ಪ್ಯಾಡ್ ವಿನ್ಯಾಸಗೊಳಿಸುವ ಸಮಸ್ತ ಮಹನೀಯರು,
ಕ್ಯಾಲಿಫೋರ್ನಿಯಾ, ತೈವಾನ್ ಮತ್ತಿತರೆಡೆ.

ವಿಷಯ: ಗುಂಡಿಗಳನ್ನು ತೆಗೆದಿರುವುದು, ಎಳೆಯುವ ಸೌಲಭ್ಯವನ್ನು ಬಚ್ಚಿಟ್ಟಿರುವುದು ಹಾಗೂ ತಪ್ಪನ್ನು ಬಳಸುವವರ ಬೆರಳಿನ ಮೇಲೆ ಹೊರಿಸಿರುವುದರ ಬಗ್ಗೆ.

ಮಾನ್ಯರೇ,

ಟಚ್‌ಪ್ಯಾಡ್ ಬೆರಳಿನ ಮನಸ್ಸನ್ನು ಊಹಿಸುವ ಸಾಧನ. ಅದರ ಮೇಲ್ಪದರದ ಅಡಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಹಾಯ್ದ ಸಣ್ಣ ವಿದ್ಯುತ್ ಗೆರೆಗಳ ಜಾಲವಿರುತ್ತದೆ. ಬೆರಳು ತಾಗಿದ ಕಡೆ ಆ ಜಾಲದ ಧಾರಕತೆ ಬದಲಾಗುತ್ತದೆ. ಬದಲಾದ ಜಾಗವನ್ನು ಲೆಕ್ಕ ಹಾಕಿ ತೆರೆಯ ಮೇಲಿನ ಬಾಣವನ್ನು ಓಡಿಸಲಾಗುತ್ತದೆ. ಬೆರಳು ಎಲ್ಲಿದೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಬೆರಳಿನ ಯಜಮಾನನಿಗೆ ಏನು ಬೇಕು ಎಂಬುದು ಗೊತ್ತಿಲ್ಲ. ಎಷ್ಟು ಬೆರಳು ತಾಗಿದವು, ಎಲ್ಲಿ ತಾಗಿದವು, ಎಷ್ಟು ಮಿಲಿಸೆಕೆಂಡಿಗೆ ಎದ್ದವು ಎಂಬ ಸುಳಿವುಗಳನ್ನು ಹಿಡಿದು ಇದು ಕ್ಲಿಕ್, ಇದು ಬಲ ಕ್ಲಿಕ್, ಇದು ಎಳೆತ ಎಂದು ತೀರ್ಪು ಕೊಡುತ್ತದೆ. ಆ ಮಿಲಿಸೆಕೆಂಡುಗಳನ್ನು ಗೊತ್ತುಮಾಡಿದವರು ವಿನ್ಯಾಸಕರು. ತೀರ್ಪು ತಪ್ಪಿದಾಗ ಬೈಗುಳ ತಿನ್ನುವುದು ಬೆರಳು.

ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೋಗುವಾಗ ಪಟ್ಟಣಕ್ಕೆ ಮೊದಲೇ ಸಿಗುವ ಬಾಶೆಟ್ಟಿಹಳ್ಳಿ ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ಕೈಗಾರಿಕಾ ಪ್ರದೇಶ ಬೆಳೆದು ಊರು ಪಟ್ಟಣ ಪಂಚಾಯಿತಿಯಾಗಿದೆ. ವಿನ್ಯಾಸಕರ ಜಾಹೀರಾತಿನಲ್ಲಿ ಲ್ಯಾಪ್‌ಟಾಪ್ ಯಾವಾಗಲೂ ಕಾಫಿ ಲೋಟದ ಪಕ್ಕ, ಕಿಟಕಿಯ ಬೆಳಕಿನಲ್ಲಿ, ಮೃದುವಾದ ಬೆರಳುಗಳ ಕೆಳಗೆ ಇರುತ್ತದೆ. ಇಂಥ ಊರಿನಲ್ಲಿ ಅದು ಕಾರ್ಖಾನೆ ಗೇಟಿನ ಪಕ್ಕದ ಕೊಠಡಿಯಲ್ಲಿ, ಉಗ್ರಾಣದ ತಗಡಿನ ಮೇಜಿನ ಮೇಲೆ, ಜೆರಾಕ್ಸ್ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಕೂತು ದುಡಿಯುತ್ತದೆ. ಎಕ್ಸೆಲ್‌ನಲ್ಲಿ ಶಿಫ್ಟ್ ಪಟ್ಟಿ ತುಂಬಿಸಲು ಚೌಕದ ಮೂಲೆ ಹಿಡಿದು ಎಳೆಯಬೇಕು. ಸೇವಾ ಸಿಂಧು ಅರ್ಜಿಗೆ ಫೋಟೊ ಕತ್ತರಿಸಲು ಅಂಚು ಹಿಡಿದು ಎಳೆಯಬೇಕು. ರಾಜ್ಯದೊಳಗಿನ ಸರಕು ಸಾಗಣೆಗೂ 2018ರ ಏಪ್ರಿಲ್‌ 1ರಿಂದ ಇ-ವೇ ಬಿಲ್ ಕಡ್ಡಾಯವಾದ ಮೇಲೆ, ಲಾರಿಯ ಎಂಜಿನ್ ಆರಿಸದೆ ಚಾಲಕ ಕಾಯುತ್ತಿರುವಾಗಲೇ ಆ ಬಿಲ್ಲನ್ನೂ ಇದರಲ್ಲೇ ತಯಾರಿಸಬೇಕು.

ಗುಂಡಿಗಳ ವಿಚಾರ ಮೊದಲು. 1994ರಲ್ಲಿ ಆಪಲ್‌ನ ಪವರ್‌ಬುಕ್ 500 ಸರಣಿ ಟಚ್‌ಪ್ಯಾಡನ್ನು ಜನಬಳಕೆಗೆ ತಂದಾಗ ಫಲಕದ ಜೊತೆಗೆ ಅದುಮುವ ಗುಂಡಿಯೂ ಇತ್ತು. ಅದೇ ಕಾಲದಲ್ಲಿ ಈ ಉದ್ಯಮಕ್ಕೆ ಇಳಿದ ಸಿನಾಪ್ಟಿಕ್ಸ್ ಸಂಸ್ಥೆಯನ್ನು 1986ರಲ್ಲಿ ಕಟ್ಟಿದವರು ಕಾರ್ವರ್ ಮೀಡ್ ಮತ್ತು ಇಂಟೆಲ್ 4004 ಚಿಪ್ಪಿನ ವಿನ್ಯಾಸಕ್ಕೆ ಹೆಸರಾದ ಫೆಡೆರಿಕೊ ಫಾಜಿನ್. ಮಿದುಳಿನ ನರಜಾಲವನ್ನು ಚಿಪ್ಪಿನಲ್ಲಿ ಅನುಕರಿಸಲು ಹೊರಟ ಸಂಸ್ಥೆ ಕೊನೆಗೆ ತೋರುಬೆರಳನ್ನು ಅರ್ಥಮಾಡಿಕೊಳ್ಳುವ ಕೆಲಸಕ್ಕೆ ನಿಂತಿತು. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

2008ರ ಅಕ್ಟೋಬರಿನಲ್ಲಿ ಆಪಲ್ ತನ್ನ ಮ್ಯಾಕ್‌ಬುಕ್‌ನ ಗುಂಡಿಯನ್ನು ತೆಗೆದು ಗಾಜಿನ ಫಲಕವನ್ನೇ ಗುಂಡಿ ಮಾಡಿತು. ಉಳಿದವರು ಹಿಂಬಾಲಿಸಿದರು. ಕೀಬೋರ್ಡಿನ ನಡುವಿನ ಕೆಂಪು ಮೊಳಕೆಗೂ ಅದರ ಪ್ರತ್ಯೇಕ ಗುಂಡಿಗಳಿಗೂ ಹೆಸರಾದ ಥಿಂಕ್‌ಪ್ಯಾಡ್ ಕೂಡ 2013ರ ಟಿ440 ಮಾದರಿಯಲ್ಲಿ ಆ ಗುಂಡಿಗಳನ್ನು ಕಳೆದುಕೊಂಡಿತು. ಬಳಸುವವರು ಗಲಾಟೆ ಮಾಡಿದ ಮೇಲೆ 2015ರ ಟಿ450ರಲ್ಲಿ ಅವು ವಾಪಸ್ ಬಂದವು. ತೆಗೆದದ್ದನ್ನು ಮರಳಿ ಕೂರಿಸುವುದೂ ಒಂದು ಆವಿಷ್ಕಾರವೆಂದು ಒಪ್ಪಿಕೊಂಡರೆ, ಇದು ಈ ಕ್ಷೇತ್ರದ ಅತ್ಯಂತ ಉಪಯುಕ್ತ ಆವಿಷ್ಕಾರ. 2015ರಲ್ಲೇ ಆಪಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಲುಗದ ಫಲಕವನ್ನು ತಂದಿತು. ಅದುಮಿದರೆ ಫಲಕ ಕೆಳಗಿಳಿಯುವುದಿಲ್ಲ. ಒಳಗಿನ ವಿದ್ಯುತ್ಕಾಂತ ಸಣ್ಣಗೆ ಕಂಪಿಸಿ ಕ್ಲಿಕ್ ಆದಂತೆ ಬೆರಳನ್ನು ನಂಬಿಸುತ್ತದೆ.

ಅಗ್ಗದ ಲ್ಯಾಪ್‌ಟಾಪ್‌ಗಳಿಗೆ ಅಷ್ಟು ಭಾಗ್ಯವಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಫಲಕದ ಮೇಲಂಚು ಬಿಗಿಯಾಗಿದ್ದು ಕೆಳಂಚು ಮಾತ್ರ ಇಳಿಯುತ್ತದೆ. ಮೇಲಂಚಿನ ಹತ್ತಿರ ಅದುಮುವುದೆಂದರೆ ಬಾಗಿಲನ್ನು ಕೀಲಿನ ಪಕ್ಕದಲ್ಲೇ ಕೈಯಿಟ್ಟು ತಳ್ಳಿದಂತೆ. ಗುಂಡಿ ಕೆಲಸ ಮಾಡುತ್ತಿಲ್ಲ ಎಂದು ರಿಪೇರಿ ಅಂಗಡಿಗೆ ಹೊರಡುವ ಮುನ್ನ ಕೆಳಗಿನ ಒಂದು ಬೆರಳಗಲದ ಪಟ್ಟಿಯಲ್ಲಿ ಅದುಮಿ ನೋಡುವುದು ಮೊದಲ ಪರೀಕ್ಷೆ. ಅಲ್ಲಿ ಕ್ಲಿಕ್ ಆದರೆ ಯಂತ್ರಕ್ಕೆ ರೋಗವಿಲ್ಲ. ಅದುಮದೆ ತಟ್ಟಿದರೆ ಮಾತ್ರ ಕೆಲಸವಾಗುತ್ತಿಲ್ಲವೆಂದಾದರೆ ತಟ್ಟಿ ಕ್ಲಿಕ್ ಮಾಡುವ ಆಯ್ಕೆ ಆರಿದೆ ಎಂದರ್ಥ. ವಿಂಡೋಸ್ 11ರಲ್ಲಿ ಅದು ಸೆಟ್ಟಿಂಗ್ಸ್, ಬ್ಲೂಟೂತ್ ಅಂಡ್ ಡಿವೈಸಸ್, ಟಚ್‌ಪ್ಯಾಡ್, ಟ್ಯಾಪ್ಸ್ ಎಂಬ ನಾಲ್ಕು ಬಾಗಿಲು ದಾಟಿದ ಮೇಲೆ ಸಿಗುತ್ತದೆ. ಆ ಬಾಗಿಲುಗಳನ್ನು ತೆರೆಯಲು ಕ್ಲಿಕ್ ಮಾಡಬೇಕಾಗುತ್ತದೆ ಎಂಬುದು ವಿನ್ಯಾಸಕರ ಗಮನಕ್ಕೆ ಬಂದಂತಿಲ್ಲ.

ಬಲ ಕ್ಲಿಕ್‌ಗೆ ಎರಡು ಸಂಪ್ರದಾಯಗಳಿವೆ. ಒಂದರಲ್ಲಿ ಫಲಕದ ಕೆಳಗಿನ ಬಲಮೂಲೆಯೇ ಬಲ ಗುಂಡಿ. ಇನ್ನೊಂದರಲ್ಲಿ ಎರಡು ಬೆರಳು ಒಟ್ಟಿಗೆ ಊರಿದರೆ ಬಲ ಕ್ಲಿಕ್. ಜಾಗ ಯಾವುದಾದರೂ ಆಗಬಹುದು. ಎರಡೂ ಸರಿ. ತೊಂದರೆ ಶುರುವಾಗುವುದು ಒಂದನ್ನು ರೂಢಿ ಮಾಡಿಕೊಂಡ ಕೈಗೆ ರಾತ್ರೋರಾತ್ರಿ ಇನ್ನೊಂದನ್ನು ಕೊಟ್ಟಾಗ. 2018ರಲ್ಲಿ ಲಿನಕ್ಸ್‌ನ ಡೆಸ್ಕ್‌ಟಾಪ್ ತಂತ್ರಾಂಶ ಗ್ನೋಮ್‌ನ 3.28 ಆವೃತ್ತಿ ಮೂಲೆ ಪದ್ಧತಿಯನ್ನು ಬಿಟ್ಟು ಎರಡು ಬೆರಳಿನ ಪದ್ಧತಿಯನ್ನು ಪೂರ್ವನಿಯೋಜಿತವಾಗಿಸಿತು, ಅದನ್ನೇ ಹೊತ್ತು ಲಿನಕ್ಸ್ ವ್ಯವಸ್ಥೆ ಉಬುಂಟುವಿನ 18.04 ಆವೃತ್ತಿ ಬಂತು. ಹಣ ಉಳಿಸಲು ಲಿನಕ್ಸ್ ಹಾಕಿಸಿಕೊಂಡವರ ಬಲಮೂಲೆ ಅಂದಿನಿಂದ ಎಡ ಕ್ಲಿಕ್ ಆಯಿತು. ಪರಿಹಾರ ಇತ್ತು: ಗ್ನೋಮ್ ಟ್ವೀಕ್ಸ್ ಎಂಬ ಬೇರೆಯೇ ತಂತ್ರಾಂಶವನ್ನು ಇಳಿಸಿಕೊಂಡು, ಕೀಬೋರ್ಡ್ ಅಂಡ್ ಮೌಸ್ ವಿಭಾಗದಲ್ಲಿ ಫಿಂಗರ್ಸ್ ಬದಲು ಏರಿಯಾ ಎಂದು ಆರಿಸಬೇಕಿತ್ತು. ಹಿಂದೆ ಇದ್ದದ್ದನ್ನು ಹಿಂದಿನಂತೆಯೇ ಬಳಸಲು ಹೊಸದೊಂದನ್ನು ಅಳವಡಿಸಿಕೊಳ್ಳುವ ಈ ಪದ್ಧತಿಗೆ ಸರ್ಕಾರಿ ಕಚೇರಿಗಳೂ ತಲೆದೂಗಬೇಕು.

ಎಳೆಯುವುದು ಇದಕ್ಕಿಂತ ಜಟಿಲ. ಮೌಸಿನಲ್ಲಿ ಒಂದು ಬೆರಳು ಗುಂಡಿ ಅದುಮಿ ಹಿಡಿಯುತ್ತದೆ, ಕೈ ಸರಿಯುತ್ತದೆ. ಟಚ್‌ಪ್ಯಾಡಿನಲ್ಲಿ ಹಿಡಿಯುವ ಕೆಲಸವೂ ಸರಿಯುವ ಕೆಲಸವೂ ಒಂದೇ ಬೆರಳಿನ ಪಾಲಿಗೆ ಬಂದಿವೆ. ಇದಕ್ಕೆ ಕಂಡುಕೊಂಡ ಮೊದಲ ದಾರಿ, ಹೆಬ್ಬೆರಳಿನಿಂದ ಕೆಳಂಚನ್ನು ಅದುಮಿ ಹಿಡಿದು ತೋರುಬೆರಳನ್ನು ಓಡಿಸುವುದು. ಇಲ್ಲಿ ಯಂತ್ರಕ್ಕೆ ಎರಡು ಬೆರಳು ಕಾಣುತ್ತವೆ. ಎರಡು ಬೆರಳೆಂದರೆ ಅದರ ಶಾಸ್ತ್ರದಲ್ಲಿ ಪುಟ ಮೇಲೆ ಕೆಳಗೆ ಜಾರಿಸುವುದು. ಕೆಳಂಚಿನಲ್ಲಿ ಸುಮ್ಮನೆ ಕೂತದ್ದು ಹೆಬ್ಬೆರಳು ಎಂದು ಗುರುತಿಸಲು ತಂತ್ರಾಂಶ ಬರೆಯುವವರು ವರ್ಷಗಟ್ಟಲೆ ತಿಣುಕಿದ್ದಾರೆ. ಗುರುತು ತಪ್ಪಿದ ಕ್ಷಣ ಕಡತ ಬಿದ್ದುಹೋಗಿ ಪುಟ ಜಾರುತ್ತದೆ.

ಎರಡನೆಯ ದಾರಿ ಒಂದೂವರೆ ತಟ್ಟು. ಕಡತದ ಮೇಲೆ ಒಮ್ಮೆ ತಟ್ಟಿ, ಕೂಡಲೇ ಮತ್ತೆ ಬೆರಳೂರಿ, ಎತ್ತದೆ ಸರಿಸಬೇಕು. ಎರಡನೆಯ ಸಲವೂ ಬೆರಳೆತ್ತಿದರೆ ಅದು ಡಬಲ್ ಕ್ಲಿಕ್, ಕಡತ ತೆರೆದುಕೊಳ್ಳುತ್ತದೆ. ಊರುವುದು ತಡವಾದರೆ ಬಾಣ ಮಾತ್ರ ಓಡುತ್ತದೆ, ಕಡತ ಕೂತಲ್ಲೇ ಕೂತಿರುತ್ತದೆ. ಈ ಎರಡರ ನಡುವಿನ ಸಂದು ಸೆಕೆಂಡಿನ ಸಣ್ಣ ಪಾಲು. ದಿನವಿಡೀ ಮಗ್ಗ, ಲೇತ್, ವೆಲ್ಡಿಂಗ್ ಕೆಲಸ ಮಾಡಿದ ಬೆರಳಿಗೆ ಇನ್ನೊಂದು ತೊಡಕೂ ಇದೆ. ಒಣಗಿ ದಪ್ಪಗಟ್ಟಿದ ಚರ್ಮದಿಂದ ಜಾಲಕ್ಕೆ ಸಿಗುವ ಸುಳಿವು ದುರ್ಬಲ. ಸರಿಯುತ್ತಿರುವಾಗ ಅದು ಒಂದು ಕ್ಷಣ ಕಡಿದರೂ ಸಾಕು, ಬೆರಳು ಎದ್ದಿತೆಂದು ಯಂತ್ರ ತೀರ್ಮಾನಿಸಿ ಕಡತವನ್ನು ಅಲ್ಲೇ ಇಳಿಸಿಬಿಡುತ್ತದೆ. ಸಂಬಳದ ಪಟ್ಟಿ ಕ್ಯಾಂಟೀನ್ ಬಿಲ್ಲುಗಳ ಫೋಲ್ಡರಿಗೆ ಹೋಗಿ ಸೇರುವುದು ಹೀಗೆ. ಲೆಕ್ಕಪತ್ರದವರ ಮೇಲೆ ಅನುಮಾನ ಪಡುವ ಮುನ್ನ ಕಂಟ್ರೋಲ್ ಮತ್ತು ಝಡ್ ಒಟ್ಟಿಗೆ ಒತ್ತಿ ನೋಡುವುದು ಒಳ್ಳೆಯದು.

ದೊಡ್ಡಬಳ್ಳಾಪುರದಂಥ ಮಗ್ಗದ ಊರುಗಳಲ್ಲಿ ಈ ಕ್ಷಣಭಂಗಕ್ಕೆ ಬೆಲೆ ಕಟ್ಟಬಹುದು. ಜಕಾರ್ಡ್ ಸೀರೆಯ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಚೌಕಗಳ ಹಾಳೆಯ ಮೇಲೆ ಬಿಡಿಸುತ್ತಾರೆ. ಒಂದೊಂದು ಚೌಕವೂ ಆ ಸಾಲಿನಲ್ಲಿ ಒಂದು ಹಾಸಿನ ಎಳೆ ಏಳಬೇಕೋ ಬೇಡವೋ ಎಂಬುದನ್ನು ಹೇಳುತ್ತದೆ. ಅದರಂತೆ ಕಾರ್ಡುಗಳಿಗೆ ತೂತು ಬೀಳುತ್ತದೆ. ಒಂದು ಮಾವಿನಕಾಯಿ ಬುಟ್ಟಾವನ್ನು ಆರಿಸಿ ಪಕ್ಕಕ್ಕೆ ಎಳೆಯುವಾಗ ಟಚ್‌ಪ್ಯಾಡ್ ಒಂದು ಚೌಕ ಮೊದಲೇ ಕೈಬಿಟ್ಟರೆ ತೆರೆಯ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಮಗ್ಗ ಮಾತ್ರ ಆ ತಪ್ಪನ್ನು ವಿನ್ಯಾಸ ಮರುಕಳಿಸಿದಷ್ಟು ಸಲವೂ ನಿಷ್ಠೆಯಿಂದ ನೇಯುತ್ತದೆ. ಇಂಥ ಕೆಲಸಕ್ಕೆ ಟಚ್‌ಪ್ಯಾಡ್ ನೆಚ್ಚಬಾರದು ಎಂದು ವಿನ್ಯಾಸಕರು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಬಹಳ ಉಪಕಾರವಾಗುತ್ತಿತ್ತು.

ಇದಕ್ಕೆ ಮದ್ದು ಇಲ್ಲದಿಲ್ಲ; ಡ್ರ್ಯಾಗ್ ಲಾಕ್ ಎಂಬುದು ಅದರ ಹೆಸರು. ಅದನ್ನು ಹಾಕಿದರೆ ಎಳೆಯುವಾಗ ಫಲಕದ ಅಂಚು ತಲುಪಿದ ಬೆರಳನ್ನು ಎತ್ತಿ ಮತ್ತೆ ನಡುವಿಗೆ ಇಟ್ಟು ಮುಂದುವರಿಯಬಹುದು, ಕಡತ ಕೈಬಿಡುವುದಿಲ್ಲ. ಇಳಿಸಬೇಕಾದಾಗ ಒಮ್ಮೆ ತಟ್ಟಬೇಕು. ಒಂದೇ ಲ್ಯಾಪ್‌ಟಾಪನ್ನು ಮೂರು ಶಿಫ್ಟಿನವರು ಬಳಸುವ ಕಡೆ ಈ ಮದ್ದೇ ರೋಗವಾಗುವುದುಂಟು. ರಾತ್ರಿಯವರು ಹಾಕಿಟ್ಟದ್ದು ಗೊತ್ತಿಲ್ಲದೆ ಬೆಳಗಿನವರು ಬೆರಳೆತ್ತಿದರೂ ಕಡತ ಬಾಣಕ್ಕೆ ಅಂಟಿಕೊಂಡೇ ಬರುತ್ತದೆ, ವೈರಸ್ ಹೊಕ್ಕಿದೆಯೆಂದು ಆಂಟಿವೈರಸ್ ಖರೀದಿಯ ಮಾತು ಶುರುವಾಗುತ್ತದೆ. ಒಂದು ತಟ್ಟಿಗೆ ಬಿಡುವ ವೈರಸ್ ಇದು.

ಮ್ಯಾಕ್‌ನಲ್ಲಿ ಮೂರು ಬೆರಳು ಊರಿ ಸರಿಸಿದರೆ ಎಳೆತವಾಗುವ ಸೌಲಭ್ಯವೂ ಇದೆ. ಟಚ್‌ಪ್ಯಾಡಿನಲ್ಲಿ ಎಳೆಯುವುದಕ್ಕೆ ಇದುವರೆಗೆ ಕಂಡುಹಿಡಿದ ವಿಧಾನಗಳಲ್ಲಿ ಇದೇ ಸಲೀಸು ಎಂಬುದರಲ್ಲಿ ಅನುಮಾನವಿಲ್ಲ. ಒಳ್ಳೆಯದಾಗಿತ್ತು ಎಂಬ ಕಾರಣಕ್ಕೋ ಏನೋ, 2015ರ ಸುಮಾರಿಗೆ ಅದನ್ನು ಟ್ರ್ಯಾಕ್‌ಪ್ಯಾಡ್ ಪುಟದಿಂದ ಎತ್ತಿ ಆಕ್ಸೆಸಿಬಿಲಿಟಿ ವಿಭಾಗದ ಒಳಕೋಣೆಗೆ ಸಾಗಿಸಲಾಯಿತು. ಈಗ ಅದಕ್ಕೆ ಆಕ್ಸೆಸಿಬಿಲಿಟಿ, ಪಾಯಿಂಟರ್ ಕಂಟ್ರೋಲ್, ಟ್ರ್ಯಾಕ್‌ಪ್ಯಾಡ್ ಆಪ್ಷನ್ಸ್ ಎಂಬ ದಾರಿ. ಡ್ರ್ಯಾಗ್ ಲಾಕ್ ಕೂಡ ಅಲ್ಲೇ ವಾಸವಾಗಿದೆ. ದೃಷ್ಟಿ, ಚಲನೆಯ ತೊಂದರೆ ಇರುವವರಿಗೆ ಆ ವಿಭಾಗ ನಿಜಕ್ಕೂ ಬೇಕು. ಬರೀ ಒಂದು ಫೋಟೊ ಸರಿಸಬೇಕಾದ ಉಳಿದವರಿಗೆ ಅಲ್ಲಿ ಹುಡುಕಬೇಕೆಂದು ಹೊಳೆಯುವ ಸಂಭವ ಕಡಿಮೆ. ವಿಂಡೋಸ್‌ನಲ್ಲಿ ಮೂರು ಬೆರಳನ್ನು ಕಿಟಕಿಯಿಂದ ಕಿಟಕಿಗೆ ಹಾರಲು ಆಗಲೇ ಮೀಸಲಿಟ್ಟಾಗಿದೆ. ಅಲ್ಲಿ ಒಂದೂವರೆ ತಟ್ಟಿನ ಎಳೆತಕ್ಕೆ ಟ್ಯಾಪ್ಸ್ ಪಟ್ಟಿಯಲ್ಲಿ ಎರಡು ಸಲ ತಟ್ಟಿ ಎಳೆಯುವ ಸಾಲಿಗೆ ಗುರುತು ಹಾಕಬೇಕು. ತಟ್ಟಿದ್ದು ಪದೇ ಪದೇ ಗುರುತಾಗದಿದ್ದರೆ ಅದೇ ಪುಟದ ಸೆನ್ಸಿಟಿವಿಟಿಯನ್ನು ಒಂದು ಮೆಟ್ಟಿಲು ಏರಿಸಿ ನೋಡಬಹುದು.

ಟಚ್‌ಪ್ಯಾಡ್ ಪೂರ್ತಿ ಸತ್ತಂತಿದ್ದರೆ ಕಾರಣ ಹೆಚ್ಚಾಗಿ ಸಣ್ಣದು. ಎಫ್‌ಎನ್ ಜೊತೆ ಒತ್ತುವ ಮೇಲ್ಸಾಲಿನ ಕೀಲಿಯೊಂದು ಅದನ್ನು ಆರಿಸುತ್ತದೆ. ದೂಳು ಒರೆಸುವ ಬಟ್ಟೆ ಆ ಕೆಲಸವನ್ನು ಯಾರಿಗೂ ತಿಳಿಯದಂತೆ ಮಾಡಿ ಮುಗಿಸುತ್ತದೆ. ಮೌಸ್ ಜೋಡಿಸಿದಾಗ ಟಚ್‌ಪ್ಯಾಡ್ ಆರಲಿ ಎಂಬ ಆಯ್ಕೆ ಇನ್ನೊಂದು. ವೈರ್‌ಲೆಸ್ ಮೌಸ್ ಕಳೆದುಹೋಗಿ ಅದರ ಉಗುರಿನಷ್ಟು ರಿಸೀವರ್ ಮಾತ್ರ ಯುಎಸ್‌ಬಿ ಕಿಂಡಿಯಲ್ಲಿ ಉಳಿದಿದ್ದರೂ, ಮೌಸ್ ಇದೆ ಎಂದೇ ಯಂತ್ರದ ನಂಬಿಕೆ.

ಚಾರ್ಜಿಗೆ ಹಾಕಿದಾಗ ಮಾತ್ರ ಬಾಣ ಕುಣಿಯುತ್ತಿದ್ದರೆ ಸೆಟ್ಟಿಂಗ್ಸ್ ತಡಕಾಡಿ ಪ್ರಯೋಜನವಿಲ್ಲ. ಮೂರನೆಯ ಪಿನ್ ಮುರಿದ ಪ್ಲಗ್, ಎರಡು ಪಿನ್‌ನ ಅಡಾಪ್ಟರ್ ಅಥವಾ ಭೂಸಂಪರ್ಕವೇ ಇಲ್ಲದ ಸಾಕೆಟ್ ಇದ್ದಾಗ ಚಾರ್ಜರಿನ ವಿದ್ಯುತ್ ಗದ್ದಲ ಲ್ಯಾಪ್‌ಟಾಪಿನ ಮೈಗೆ ಹರಿದು ಧಾರಕತೆಯ ಲೆಕ್ಕವನ್ನು ಕೆಡಿಸುತ್ತದೆ. ಲೋಹದ ಮೈ ಸವರಿದರೆ ಸಣ್ಣಗೆ ಜುಮ್ ಎನ್ನುವುದು ಇದರ ಗುರುತು. ಚಾರ್ಜರ್ ಕಿತ್ತಾಗ ಬಾಣ ಸುಮ್ಮನಾದರೆ ರೋಗ ಪತ್ತೆಯಾದಂತೆ. ಭೂಸಂಪರ್ಕವೇ ಇಲ್ಲದಿದ್ದರೆ, ವಿನ್ಯಾಸಕರು ಕಿತ್ತ ಗುಂಡಿಯ ಬದಲಿಗೆ ಮನೆಯವರು ಅಂಗಳದಲ್ಲಿ ಇದ್ದಿಲು, ಉಪ್ಪು ತುಂಬಿದ ಒಂದು ಗುಂಡಿ ತೋಡಿಸಬೇಕು. ಒದ್ದೆ ಕೈ, ಎಣ್ಣೆ ಕೈ, ಫಲಕದ ಅಂಚಿನ ಸಂದಿಗೆ ಕೂತ ನೂಲಿನ ದೂಳು ಇವೂ ಇದೇ ಆಟ ಆಡಿಸುತ್ತವೆ. ಆದರೆ ಫಲಕ ಉಬ್ಬಿ ಮೇಲೆದ್ದು, ಕ್ಲಿಕ್ ಗಟ್ಟಿಯಾಗಿ, ಕೆಳಭಾಗ ಮೇಜಿನ ಮೇಲೆ ಸಮನಾಗಿ ಕೂರದಂತಾದರೆ ತಮಾಷೆ ಅಲ್ಲಿಗೆ ನಿಲ್ಲಬೇಕು. ಅಡಿಯಲ್ಲಿರುವ ಲಿಥಿಯಂ ಬ್ಯಾಟರಿ ಊದಿಕೊಂಡಿರುತ್ತದೆ. ಫಲಕವನ್ನು ಒತ್ತಿ ಕೂರಿಸಬಾರದು, ಚಾರ್ಜ್ ಮಾಡಬಾರದು. ಯಂತ್ರ ಆರಿಸಿ ಬ್ಯಾಟರಿ ಬದಲಿಸುವವರ ಕೈಗೆ ಕೊಡಬೇಕು.

ಆದ್ದರಿಂದ ವಿನ್ಯಾಸಕರಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಎಳೆಯುವ ಆಯ್ಕೆಗಳೆಲ್ಲವನ್ನೂ ಟಚ್‌ಪ್ಯಾಡ್ ಪುಟದ ಮೊದಲ ಸಾಲಿನಲ್ಲಿ ಇಡುವುದು. ತಟ್ಟಿಗೂ ಎಳೆತಕ್ಕೂ ನಡುವಿನ ಮಿಲಿಸೆಕೆಂಡುಗಳನ್ನು ಬಳಸುವವರೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂತೆ ಬಿಡುವುದು. ಅಪ್‌ಡೇಟ್ ಆದ ಮಾರನೆಯ ದಿನ ಬಲ ಕ್ಲಿಕ್ ಎಲ್ಲಿಗೆ ವರ್ಗವಾಗಿದೆ ಎಂಬುದನ್ನು ಒಂದು ಸಾಲಿನ ಸೂಚನೆಯಲ್ಲಿ ತಿಳಿಸುವುದು. ಸೆಟ್ಟಿಂಗ್ಸ್‌ನ ಟಚ್‌ಪ್ಯಾಡ್ ಪುಟವನ್ನು ಕೀಬೋರ್ಡಿನ ಒಂದೇ ಒತ್ತಿಗೆ ತೆರೆಯುವಂತೆ ಮಾಡಿದರೆ ಇನ್ನೂ ಅನುಕೂಲ. ಅಲ್ಲಿಯವರೆಗೆ ವಿಂಡೋಸ್ ಕೀಲಿ ಒತ್ತಿ, ಟಚ್‌ಪ್ಯಾಡ್ ಎಂದು ಟೈಪ್ ಮಾಡಿ, ಎಂಟರ್ ಒತ್ತಿ, ಟ್ಯಾಬ್ ಮತ್ತು ಸ್ಪೇಸ್ ಕೀಲಿಗಳಲ್ಲೇ ಕೆಲಸ ಸಾಗಿಸಲಾಗುವುದು.

ಇಂತಿ,
ಬಾಶೆಟ್ಟಿಹಳ್ಳಿಯ ದುಡಿಯುವ ಬೆರಳುಗಳ ಪರವಾಗಿ

ಅಡಕ: ಎರಡು ಗುಂಡಿಗಳುಳ್ಳ ಮೌಸ್ ಖರೀದಿಯ ರಸೀದಿ, ಮರುಪಾವತಿಗಾಗಿ.