ಪಂಪಪೂರ್ವ ಯುಗದ ಗಾಳಿ: ಹಳೆಯ ಲಾರಿಯ ಐಡ್ಲಿಂಗ್ ಕುರಿತು ಒಂದು ಕಿರು ಮಹಾಪ್ರಬಂಧ

1. ಪೀಠಿಕೆ

ಕನ್ನಡ ಸಾಹಿತ್ಯ ಚರಿತ್ರೆಯನ್ನು ಯುಗಗಳಾಗಿ ವಿಂಗಡಿಸಿ ಕೊಟ್ಟ ನಮ್ಮ ವಿದ್ವಾಂಸರು ಲಾರಿಯ ಡೀಸೆಲ್ ಪೈಪಿನತ್ತ ಕಣ್ಣು ಹಾಯಿಸದೆ ಹೋದದ್ದು ಅಕ್ಷಮ್ಯ. ಟ್ಯಾಂಕಿನಿಂದ ಹೊರಟು ಸಿಲಿಂಡರಿನಲ್ಲಿ ಉರಿದುಹೋಗುವ ತನಕ ಡೀಸೆಲ್ಲಿನ ಬಾಳೂ ಮೂರು ಕಾಲಘಟ್ಟಗಳಲ್ಲೇ ಸಾಗುತ್ತದೆ. ಟ್ಯಾಂಕ್, ಫೀಡ್ ಪಂಪ್, ಫಿಲ್ಟರುಗಳದು ಪಂಪಪೂರ್ವ ಯುಗ. ಇಂಜೆಕ್ಷನ್ ಪಂಪು ಮತ್ತು ಅದರ ಬೆನ್ನಿಗೆ ಕೂತು ವೇಗ ಕಾಯುವ ಗವರ್ನರಿನದು ಪಂಪಯುಗ. ನಾಝಲ್, ಸಿಲಿಂಡರ್, ಸೈಲೆನ್ಸರುಗಳದು ಪಂಪೋತ್ತರ ಯುಗ. ನಿಂತಲ್ಲೇ ನಡುಗುವ, ಏರಿ ಇಳಿದು ಏದುಸಿರು ಬಿಡುವ ಹಳೆಯ ಲಾರಿಯನ್ನು ನೇರವಾಗಿ ಪಂಪಯುಗದಿಂದ ಓದತೊಡಗುವುದು ನಮ್ಮ ಗ್ಯಾರೇಜ್ ವಿಮರ್ಶೆಯ ಮೂಲದೋಷ. ಓದು ಪಂಪಪೂರ್ವದಿಂದಲೇ ಆರಂಭವಾಗಬೇಕು. ಪ್ರಸ್ತುತ ಪ್ರಬಂಧದ ಪ್ರತಿಪಾದನೆ ಇಷ್ಟೆ.

2. ಆಕರ ಮತ್ತು ಪ್ರತಿಯ ಸ್ಥಿತಿ

ಅಧ್ಯಯನಕ್ಕೆ ಆರಿಸಿಕೊಂಡ ಕೃತಿ ಟಾಟಾ 1210 ಲಾರಿ, 697 ಇಂಜಿನ್. ಈ ಸಂಖ್ಯೆಯ ಅರ್ಥನಿರ್ಣಯಕ್ಕೆ ಟೀಕಾಕಾರರ ನೆರವು ಬೇಕಿಲ್ಲ: 6 ಸಿಲಿಂಡರು, 97 ಮಿ.ಮೀ. ಬೋರು. ಸ್ಟ್ರೋಕ್ 128 ಮಿ.ಮೀ. ಆದ್ದರಿಂದ ಒಟ್ಟು ಗಾತ್ರ 5,675 ಸಿ.ಸಿ. ವಂಶಾವಳಿ ಜರ್ಮನಿಗೆ ಹೋಗಿ ಮುಟ್ಟುತ್ತದೆ. 1954ರಲ್ಲಿ ಟಾಟಾಗಳ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿತು. ಇಂಜೆಕ್ಷನ್ ಪಂಪಾದರೋ 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೊದ್ದು. ಆದಿಕವಿ ಪಂಪನ ಊರಿನ ಬಗ್ಗೆ ಎಷ್ಟು ಬೇಕಾದರೂ ಚರ್ಚೆ ನಡೆಯಲಿ, ಈ ಪಂಪಿನ ಊರು ನೇಮ್‌ಪ್ಲೇಟಿನ ಮೇಲೇ ಇದೆ.

ಪ್ರತಿ ಶಿಥಿಲವಾಗಿದೆ. ಅಲ್ಲಲ್ಲಿ ಗ್ರೀಸಿನ ಲೇಪ, ಅಂಚಿನಲ್ಲಿ ಬೈಂಡಿಂಗ್ ವೈರಿನ ಹಳೆಯ ವ್ಯಾಖ್ಯಾನಗಳು. ಒಂದು ಕಡೆ ಸ್ಪಷ್ಟ ಪ್ರಕ್ಷೇಪವೂ ಇದೆ: ಇಂಜಿನ್ ಆಫ್ ಆಗದಿರಲೆಂದು ಡ್ರೈವರು ಸ್ಲೋ ಸ್ಕ್ರೂ ತಿರುಗಿಸಿ ಐಡ್ಲಿಂಗ್ ಏರಿಸಿಟ್ಟಿದ್ದಾನೆ. ಇದರಿಂದ ರೋಗ ಹೋಗದು, ರೋಗದ ಸದ್ದು ಮಾತ್ರ ಮುಚ್ಚಿಹೋಗುತ್ತದೆ. ಸಂಪಾದಕನು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ ಮೂಲಪಾಠವನ್ನು ಕೇಳಿಸಿಕೊಂಡ ನಂತರವೇ ಮುಂದುವರಿಯತಕ್ಕದ್ದು.

3. ಲಕ್ಷಣ ವಿವೇಚನೆ

‘ಐಡ್ಲಿಂಗ್ ಸರಿಯಿಲ್ಲ’ ಎಂಬ ಒಂದೇ ದೂರಿನ ಹೊಟ್ಟೆಯಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದು ಮಿಸ್ಸಿಂಗ್: ಇಂಜಿನ್ ಅದುರುತ್ತದೆ, ವೇಗ ಮಾತ್ರ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಇನ್ನೊಂದು ಹಂಟಿಂಗ್: ವೇಗವೇ ಏರುತ್ತದೆ, ಇಳಿಯುತ್ತದೆ, ಯಾರೂ ಆಕ್ಸಲೇಟರ್ ಮುಟ್ಟದಿದ್ದರೂ ಮತ್ತೆ ಏರುತ್ತದೆ.

ಇವನ್ನು ಬೇರ್ಪಡಿಸಲು ಲಕ್ಷಣಕಾರರಿಗೆ ಬೆರಳುಗಳಿದ್ದರೆ ಸಾಕು. ಇಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಹಾಗಾಗಿ ಒಂದು ಸಿಲಿಂಡರ್ ಕೈಕೊಟ್ಟರೆ ನಿಮಿಷಕ್ಕೆ 300, ಅಂದರೆ ಸೆಕೆಂಡಿಗೆ 5 ಏಟು ತಪ್ಪುತ್ತವೆ. ಇಷ್ಟನ್ನು ಬೆರಳು ಮಡಿಸಿ ಎಣಿಸಬಲ್ಲ ಪಂಡಿತ ಇನ್ನೂ ಹುಟ್ಟಿಲ್ಲ. ಹಂಟಿಂಗಿನ ಒಂದು ಏರಿಳಿತಕ್ಕಾದರೆ ಒಂದೆರಡು ಸೆಕೆಂಡು ಹಿಡಿಯುತ್ತದೆ. ಚಹಾ ಕುಡಿಯುತ್ತಲೇ ಎಣಿಸಬಹುದು. ಇದರಿಂದ ಸೂತ್ರ: ಎಣಿಸಲು ಬಂದರೆ ಹಂಟಿಂಗ್, ಬಾರದಿದ್ದರೆ ಮಿಸ್ಸಿಂಗ್. ಎರಡೂ ಒಟ್ಟಿಗಿದ್ದರೆ ಅದನ್ನು ಚಂಪೂ ಎನ್ನಬೇಕು.

4. ಪೂರ್ವಪಕ್ಷ: ಪಂಪಯುಗವಾದಿಗಳು

ಯಾವ ಲಾರಿ ಬಂದರೂ ‘ಪಂಪ್ ಬಿಚ್ಚಿಸಿಬಿಡಿ’ ಎನ್ನುವವರು ಈ ಪಂಥದವರು. ಪಂಪು ಎಲ್ಲಕ್ಕಿಂತ ದುಬಾರಿ, ಆದ್ದರಿಂದ ದೋಷವೂ ಅಲ್ಲಿಯೇ ಇರಬೇಕೆಂಬುದು ಇವರ ತರ್ಕ. ಇವರ ಹಿಂದಿರುವ ಆಚಾರ್ಯ ಪರಂಪರೆಯನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಸುತ್ತುವ ಗುಂಡುಗಳ ಗವರ್ನರ್ ಕೂರಿಸಿದ. 1868ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳ ಮೇಲೆಯೇ ಒಂದು ಪ್ರಬಂಧ ಬರೆದು, ವೇಗದಲ್ಲಿ ಎದ್ದ ಏರುಪೇರಿಗೆ ನಾಲ್ಕು ಗತಿಗಳನ್ನು ಹೇಳಿದ: ಬೆಳೆಯುತ್ತಲೇ ಹೋಗುವುದು, ಕುಗ್ಗುತ್ತಾ ಅಡಗುವುದು, ತೂಗಾಡುತ್ತಾ ಬೆಳೆಯುವುದು, ತೂಗಾಡುತ್ತಾ ಅಡಗುವುದು. ನಮ್ಮ ಡ್ರೈವರುಗಳು ಐದನೆಯದೊಂದನ್ನು ಸೇರಿಸಿದ್ದಾರೆ: ಊರು ಮುಟ್ಟುವ ತನಕ ಹಾಗೇ ಇರುವುದು.

ಪಂಪಿನ ಗವರ್ನರಿನಲ್ಲಿ ತಿರುಗುವ ತೂಕದ ಗುಂಡುಗಳು ಹೊರಕ್ಕೆ ಚಿಮ್ಮಲು ನೋಡುತ್ತವೆ, ಸ್ಪ್ರಿಂಗು ಅವನ್ನು ಒಳಕ್ಕೆ ಒತ್ತುತ್ತದೆ. ಈ ಜಗಳದ ತೀರ್ಪನ್ನು ರ್‍ಯಾಕ್ ಎಂಬ ಸಲಾಕೆ ಆರೂ ಪ್ಲಂಜರುಗಳಿಗೆ ಒಯ್ದು ಮುಟ್ಟಿಸುತ್ತದೆ. ರ್‍ಯಾಕ್ ಬಿಗಿಹಿಡಿದರೆ ತೀರ್ಪು ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ವೇಗ ಹದ ಮೀರಿರುತ್ತದೆ, ತಿದ್ದುಪಡಿಯೂ ಅತಿಯಾಗುತ್ತದೆ. ಹಂಟಿಂಗ್ ಎಂದರೆ ತಡವಾಗಿ ಬಂದ ನ್ಯಾಯ. ಸವೆದ ಪಿನ್ನು, ಸೋತ ಐಡ್ಲಿಂಗ್ ಸ್ಪ್ರಿಂಗು, ನಿರ್ವಾತದಿಂದ ನಡೆಯುವ ಹಳೆಯ ಗವರ್ನರುಗಳಲ್ಲಿ ಒಣಗಿ ಹರಿದ ಚರ್ಮದ ಡಯಾಫ್ರಂ, ಇವೆಲ್ಲ ನಿಜವಾದ ದೋಷಗಳೇ. ಆದರೆ ಪಂಪಿನೊಳಗಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಸಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಕೆಲವೇ ಭಾಗ. ಅಂಥದ್ದನ್ನು ಧೂಳಿನ ಗ್ಯಾರೇಜಿನಲ್ಲಿ ಅನುಮಾನದ ಮೇಲೆ ಬಿಚ್ಚುವುದು, ಮಹಾಕಾವ್ಯ ಅರ್ಥವಾಗಲಿಲ್ಲವೆಂದು ಓಲೆಗರಿಯ ದಾರ ಕತ್ತರಿಸಿದಂತೆ.

5. ಪಂಪೋತ್ತರ ಯುಗ: ಷಟ್ಪದಿ ಪರೀಕ್ಷೆ

ಪಂಪನ ನಂತರ ರಾಘವಾಂಕ ಷಟ್ಪದಿಯನ್ನು ನೆಲೆಗೊಳಿಸಿದ. 697 ಇಂಜಿನ್ನೂ ಆರು ಪಾದಗಳ ಬಂಧ, ಪಾದಗಳು ಉರಿಯುವ ಕ್ರಮ 1-5-3-6-2-4. ಕವಿಗಳ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಪಾದ ಉದ್ದವಾಗಿರಬೇಕು. ಇಂಜಿನ್ನಿನಲ್ಲಿ ಆರೂ ಪಾದಗಳಿಗೆ ಒಂದೇ ಅಳತೆಯ ಡೀಸೆಲ್ ಬೀಳಬೇಕು; ಯಾವುದೇ ಪಾದ ಉದ್ದವಾದರೆ ಕಪ್ಪು ಹೊಗೆ ಬರುತ್ತದೆ. ಇಷ್ಟು ವ್ಯತ್ಯಾಸವನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಛಂದೋಭಂಗ ಯಾವ ಪಾದದಲ್ಲೆಂದು ತಿಳಿಯುವ ಪ್ರಸ್ತಾರ ಕ್ರಮ ಹೀಗಿದೆ. ಇಂಜಿನ್ ಓಡುತ್ತಿರುವಾಗ ಒಂದೊಂದೇ ನಾಝಲ್ ಪೈಪಿನ ನಟ್ಟನ್ನು ಸ್ಪ್ಯಾನರಿನಿಂದ ತುಸುವೇ ಸಡಿಲಿಸಿ ಮತ್ತೆ ಬಿಗಿಯಬೇಕು. ಸಡಿಲಿಸಿದೊಡನೆ ಸದ್ದು ಕುಸಿದರೆ ಆ ಸಿಲಿಂಡರು ದುಡಿಯುತ್ತಿತ್ತು ಎಂದರ್ಥ. ಏನೂ ಬದಲಾಗದಿದ್ದರೆ ಅದೇ ಕಳ್ಳ. ಕಟಕಟ ಬಡಿತ ಸಡಿಲಿಸಿದ ಕೂಡಲೆ ನಿಂತುಹೋದರೆ ಆ ನಾಝಲ್ ಸಿಂಪಡಿಸುವ ಬದಲು ಸುರಿಸುತ್ತಿದೆ ಎಂದು ಶಂಕಿಸಬೇಕು. ನಟ್ಟಿನ ಮೇಲೆ ಬಟ್ಟೆ ಹೊದಿಸಿ, ಬೆರಳನ್ನು ದೂರವಿಟ್ಟಿರಬೇಕು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಈ ವಾಕ್ಯದಲ್ಲಿ ಮಾತ್ರ ಅಣಕವಿಲ್ಲ.

ಹೊಗೆಯ ಬಣ್ಣವೂ ಪೂರಕ ಆಕರ. ಬಿಳಿ ಹೊಗೆ ಉರಿಯದೆ ಹೋದ ಡೀಸೆಲ್ಲಿನದು, ನೀಲಿ ಇಂಜಿನ್ ಆಯಿಲಿನದು, ಕಪ್ಪು ಗಾಳಿಗಿಂತ ಡೀಸೆಲ್ ಮಿಗಿಲಾದದ್ದರದು. ನಾಝಲ್ ಬದಲಿಸಿದರೂ ಪಾದ ಕುಂಟಿದರೆ ಟ್ಯಾಪೆಟ್ಟನ್ನೂ ಕಂಪ್ರೆಷನ್ನನ್ನೂ ನೋಡಬೇಕು.

6. ಸಿದ್ಧಾಂತ: ಪಂಪಪೂರ್ವ ಯುಗ

ಪಂಪನಿಗಿಂತ ಹಿಂದಿನ ಎಷ್ಟೋ ಕವಿಗಳ ಹೆಸರು ಕವಿರಾಜಮಾರ್ಗದಲ್ಲಿ ಉಳಿದಿದೆ, ಕೃತಿ ಸಿಕ್ಕಿಲ್ಲ. ಲಾರಿಯ ಪಂಪಪೂರ್ವದ್ದೂ ಇದೇ ಕಷ್ಟ: ದೋಷ ಇರುತ್ತದೆ, ಸಾಕ್ಷ್ಯ ಇರುವುದಿಲ್ಲ. ಫೀಡ್ ಪಂಪಿನ ಮುಂದೆ ಪೈಪು ಸಡಿಲವಾಗಿದ್ದರೆ ಡೀಸೆಲ್ ಹೊರಕ್ಕೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನ ತನಕ ಇರುವುದು ಎಳೆಯುವ ಭಾಗ. ಅಲ್ಲಿ ಸಂದು ಬಿಟ್ಟರೆ ಇಂಜಿನ್ ಓಡುವಾಗ ಡೀಸೆಲ್ ಹೊರಬರದು, ಗಾಳಿ ಒಳಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಇಲ್ಲ. ಸಂಶೋಧಕರು ಆ ಯುಗವನ್ನು ದಾಟಿ ಮುಂದೆ ಹೋಗಿಬಿಡುವುದು ಇದರಿಂದಲೇ.

ಒಳಹೊಕ್ಕ ಗುಳ್ಳೆ ಪಂಪನ್ನು ಮುಟ್ಟಿದಾಗ ಪ್ಲಂಜರು ಡೀಸೆಲ್ಲಿನ ಬದಲು ಗಾಳಿಯನ್ನು ಹಿಸುಕುತ್ತದೆ. ನಾಝಲ್ ತೆರೆಯುವಷ್ಟು ಒತ್ತಡ ಏಳುವುದಿಲ್ಲ, ವೇಗ ಬೀಳುತ್ತದೆ. ಗವರ್ನರ್ ಗಾಬರಿಯಿಂದ ಡೀಸೆಲ್ ಹೆಚ್ಚಿಸುವ ಹೊತ್ತಿಗೆ ಗುಳ್ಳೆ ದಾಟಿಹೋಗಿರುತ್ತದೆ, ವೇಗ ಜಿಗಿಯುತ್ತದೆ. ಕೂಡಲೆ ಕಡಿತ, ಮತ್ತೆ ಗುಳ್ಳೆ. ಹೊರಗೆ ನಿಂತವನ ಕಿವಿಗೆ ಗವರ್ನರೇ ಹುಚ್ಚಾದಂತೆ ಕೇಳುತ್ತದೆ. ಅದಾದರೋ ಬಂದ ಕಳಪೆ ಸುದ್ದಿಗೆ ಪ್ರಾಮಾಣಿಕವಾಗಿ ಸ್ಪಂದಿಸುತ್ತಿರುತ್ತದೆ.

ಇದನ್ನು ಹಿಡಿಯುವ ಪ್ರಯೋಗಗಳು ಅಗ್ಗದವು. ಫೀಡ್ ಪಂಪಿನ ಬಳಿ ಒಂದು ತುಂಡು ಪಾರದರ್ಶಕ ಪೈಪು ಸೇರಿಸಿ ಗುಳ್ಳೆ ಹಾಯುವುದನ್ನು ನೋಡಬಹುದು. ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಇಂಜಿನ್ ಸುಧಾರಿಸಿದರೆ ಗಾಳಿಕಂಡಿ ಕಟ್ಟಿದೆ. ಶುದ್ಧ ಡೀಸೆಲ್ಲಿನ ಕ್ಯಾನೊಂದನ್ನು ಎತ್ತರದಲ್ಲಿಟ್ಟು ಅಲ್ಲಿಂದ ನೇರ ಪೈಪು ಕೊಟ್ಟಾಗ ಐಡ್ಲಿಂಗ್ ನೆಟ್ಟಗಾದರೆ ಪಂಪು ನಿರಪರಾಧಿ, ಟ್ಯಾಂಕಿನ ಕಡೆಯವರೇ ಆರೋಪಿಗಳು: ಕಟ್ಟಿದ ಜಾಲರಿ, ಸೀಳಿದ ಹೋಸ್, ಚಪ್ಪಟೆಯಾದ ತಾಮ್ರದ ವಾಷರು.

7. ಮೌಖಿಕ ಪರೀಕ್ಷೆ

ಬಾಹ್ಯ ಪರೀಕ್ಷಕರಾಗಿ ರಾಣೆಬೆನ್ನೂರು ಕಡೆಯ ಹೆದ್ದಾರಿ ಗ್ಯಾರೇಜಿನ ಹಿರಿಯ ಮೇಸ್ತ್ರಿಯೊಬ್ಬರು ಆಗಮಿಸಿದ್ದರು. ಪ್ರಬಂಧದ ಹಾಳೆಗೆ ಎಣ್ಣೆಗೈ ತಗಲದಂತೆ ಪುಟ ತಿರುವಿ ಅವರು ಕೇಳಿದ ಮೊದಲ ಪ್ರಶ್ನೆ:

“ಪಂಪಪೂರ್ವ ಮೊದಲ ಓದ್ರಿ ಅಂತೀರಿ, ಮತ್ತ ನೀವ ಅದನ್ನ ಕಡೀಗೆ ಬರದೀರಲ್ರೀ ಸರ?”

ಅದು ಪೂರ್ವಪಕ್ಷವನ್ನು ಖಂಡಿಸಿ ಸಿದ್ಧಾಂತಕ್ಕೆ ಬರುವ ಶಾಸ್ತ್ರೀಯ ಶಿಸ್ತು ಎಂದು ಸಂಶೋಧಕನು ವಿನಯದಿಂದ ನಿವೇದಿಸಿದನು.

“ಇರ್ಲಿ ಬಿಡ್ರಿ. ರಾತ್ರಿ ಗಾಡಿ ಮಾರಿ ಮ್ಯಾಲ ಮಾಡಿ ನಿಂತಿತ್ತೋ, ಕೆಳಗ ಮಾಡಿ ನಿಂತಿತ್ತೋ?”

ಇದಕ್ಕೆ ಯಾವ ಅಧ್ಯಾಯದಲ್ಲೂ ಉತ್ತರವಿರಲಿಲ್ಲ. ಟೈರಿನ ಮೇಲೆ ಕೂತಿದ್ದ ಕ್ಲೀನರ್ ಹುಡುಗ ಹೇಳಿದ: “ಮ್ಯಾಲ ಮಾಡಿ ನಿಂತಿತ್ತು ಕಾಕಾ. ಮುಂಜಾನಿ ಪ್ರೈಮರ್ ಹೊಡದು ಹೊಡದು ಕೈ ಸೋತು ಹೋದ್ವು.”

ಮೂತಿ ಮೇಲಾಗಿ ನಿಂತ ಲಾರಿಯಲ್ಲಿ ಸಡಿಲ ಸಂದಿನಿಂದ ಗಾಳಿ ನುಗ್ಗಿ, ಪೈಪಿನೊಳಗಿನ ಡೀಸೆಲ್ ರಾತ್ರೋರಾತ್ರಿ ಟ್ಯಾಂಕಿಗೆ ಹಿಂತಿರುಗುತ್ತದೆ. ಹುಡುಗನ ಸೋತ ಕೈಯೇ ಪಂಪಪೂರ್ವ ಯುಗದ ಏಕೈಕ ಶಾಸನ. ಪರೀಕ್ಷಕರು ಮರುಮಾತಾಡದೆ ವರದಿ ಬರೆಸಿದರು:

“ಪ್ರಬಂಧದ ಭಾಷೆ ಶುದ್ಧವಾಗಿದೆ. ಪಂಪ್ ಬಿಚ್ಚಿಲ್ಲ, ಸಂತೋಷ. ಫೀಡ್ ಪಂಪಿನ ಬ್ಯಾಂಜೋ ಬೋಲ್ಟಿಗೆ ಹೊಸ ವಾಷರ್ 2 ಹಾಕಿ, ಏರ್ ತೆಗೆದು ಮರುಸಲ್ಲಿಸತಕ್ಕದ್ದು. ಪದವಿ ಗಾಡಿ ಸ್ಟಾರ್ಟ್ ಆದ ಮೇಲೆ.”